ನೋಲೀನ್‌ಳ ಹೆಬ್ಬೆರಳು

ಸರಿ, ಕೇಳಲ್ಲ. ಯಾಕೆ ಬಂದೆ ಅಂತ ಇನ್ನೊಂದ್ಸಲ ಕೇಳಲ್ಲ, ಆಯ್ತಾ? ಮಾತಾಡೋಕೆ ಇಷ್ಟ ಇಲ್ದಿದ್ರೆ ಬೇಡ. ಮಲಗು... ಬೋರಲಾಗಿ ಕಣೋ ರೋವನ್, ಹೊಸಬನ ಹಾಗೆ ಆಡ್ಬೇಡ. ಬಾಗಿಲು ಹಾಗೇ ಇರ್ಲಿ ಬಿಡು, ಗಾಳಿ ಆಡ್ಲಿ. ಬೆಳಿಗ್ಗೆಯಿಂದ ಈ ನೀಲಗಿರಿ ಎಣ್ಣೆ ಬಾಟಲಿಗಳನ್ನ ಪೆಟ್ಟಿಗೆಗೆ ತುಂಬಿ ತುಂಬಿ ನನಗೇ ತಲೆ ಹಿಡ್ಕೊಂಡಿದೆ.

ತಮಾಷೆ ನೋಡು. ನಿನ್ನೆ ಮ್ಯಾಚ್ ಆಡಿದ ಅಷ್ಟು ಜನರಲ್ಲಿ ಒಬ್ಬನೂ ಬಂದಿಲ್ಲ ಕಾಲು ತಿಕ್ಕಿಸ್ಕೊಳ್ಳೋಕೆ. ಎಲ್ರೂ ಮುಸುಕು ಹಾಕ್ಕೊಂಡು ಮನೇಲಿ ಬಿದ್ದಿದ್ದಾರೆ. ಆಡದೇ ಇದ್ದ ನೀನೊಬ್ಬ ಬಂದಿದ್ದೀಯ.

ಎಡಗಾಲಿಂದ ಶುರು ಮಾಡ್ತೀನಿ. ಬಲಗಾಲು ಆಮೇಲೆ... ಆಮೇಲೆ ಅಂದ್ನಲ್ಲ, ಟವೆಲ್ ಯಾಕೆ ಎಳೀತೀಯ? ಇರು.

ಕೇಳಿಸ್ತಾ ಹೊರಗೆ? ಮರ್ವಿನ್. ಒಂಬತ್ತು ಗಂಟೆಗೇ ಬಂದು ಒಲೆ ಹಚ್ಚಿ, ಇಕ್ಕಳ ಹಿಡ್ಕೊಂಡು, ಸಾಸೇಜ್ ಹೊರಳಿಸ್ತಾ ತಂಡ ಆರಿಸ್ತಿದ್ದಾನೆ. ಆಟ ಮುಗಿದು ಒಂದು ದಿನ ಆದ್ಮೇಲೆ ಇವನಷ್ಟು ಚೆನ್ನಾಗಿ ತಂಡ ಆರಿಸೋನು ಈ ಜಿಲ್ಲೇಲೇ ಇಲ್ಲ. ಏನಂತಿದ್ದಾನೆ ಗೊತ್ತಾ? ‘ಮಿಕ್‌ನನ್ನ ಗೋಲ್ ಮುಂದೆ ನಿಲ್ಸಿದ್ದು ಯಾವ ಬುದ್ಧಿವಂತ? ಗೋಧಿ ಲಾರಿ ಓಡ್ಸೋನಿಗೆ ಚೆಂಡು ಕೊಟ್ರೆ ಅವನು ಅದನ್ನ ಲೋಡ್ ಮಾಡ್ತಾನೆ, ಒದೀತಾನಾ?’ ಅಂತ. ಕ್ಯಾಂಟೀನಿನ ಡಾಟ್ ಬಿಡ್ತಾಳಾ? ‘ನೀನು ಆಡೋ ಕಾಲದಲ್ಲಿ ಚೆಂಡು ನಿನ್ನ ಹತ್ರ ಬರೋಕೇ ನಾಚ್ಕೋತಿತ್ತು ಮರ್ವ್. ಈರುಳ್ಳಿ ತಿರುವು, ಸೀದು ಹೋಗ್ತಿದೆ.’

ಯಾಕೆ ನಗ್ತೀಯ? ಬೆನ್ನು ಅಲುಗ್ತು, ನಾನು ನೋಡ್ದೆ... ನಗಲಿಲ್ವಾ. ಸರಿ.

ಪಾಪ ಮಿಕ್. ನಿನ್ನ ಜಾಗಕ್ಕೆ ಹಾಕಿದ್ರು, ಅವನದೇನು ತಪ್ಪು? ಮೂವತ್ತು ಹೆಜ್ಜೆ ದೂರ. ನೇರ ಎದುರಿಗೇ ಗೋಲು. ಗಾಳಿ ಇಲ್ಲ, ಬಿಸಿಲು ಬೆನ್ನಿಗೆ. ನಾವು ಐದು ಪಾಯಿಂಟ್ ಹಿಂದೆ ಇದ್ವಿ. ನಡುಗಂಬಗಳ ಮಧ್ಯೆ ಹೋಗಿದ್ರೆ ಆರು, ಗೆದ್ವಿ. ಸುತ್ತ ಕಾರುಗಳಲ್ಲಿ ಕೂತಿದ್ದ ನಮ್ಮೋರೆಲ್ಲ ಗೋಲಾದ ಕೂಡ್ಲೇ ಒತ್ತೋಕೆ ಹಾರ್ನ್ ಮೇಲೆ ಕೈ ಇಟ್ಕೊಂಡೇ ಇದ್ರು. ನಿಮ್ಮಪ್ಪನ್ನ ನೋಡ್ದೆ. ಅವನ ಹಳೇ ಟ್ರಕ್ಕಿನ ಗಾಜು ಇಳಿಸಿತ್ತು, ಅಂಗೈ ಹಾರ್ನ್ ಮೇಲೇ ಇತ್ತು. ಮಿಕ್ ಒದ್ದ. ಚೆಂಡು ಪಕ್ಕದ ಕಂಬದ ಕಡೆ ಹೊರಳ್ತು. ಅಲ್ಲಿ ಹೋದ್ರೆ ಒಂದೇ ಪಾಯಿಂಟು. ನಾಲ್ಕರಲ್ಲಿ ಸೋತ್ವಿ. ಅಷ್ಟು ಕಾರಲ್ಲಿ ಒಂದು ಹಾರ್ನೂ ಇಲ್ಲ. ನಿಮ್ಮಪ್ಪ ಕೈ ತೆಗೀಲೇ ಇಲ್ಲ, ಆಟ ಮುಗಿದ ಸೈರನ್ ಆದ್ಮೇಲೂ... ಹಾಗೇ ಇಟ್ಕೊಂಡು ಕೂತಿದ್ದ.

ಬಿಗಿಯಾಯ್ತು ನೋಡು ಮೀನಖಂಡ. ಸಡಿಲ ಬಿಡು. ನಿಮ್ಮಪ್ಪನ ಸುದ್ದಿ ಎತ್ತಬಾರದಿತ್ತು.

ಆದ್ರೆ ಹೇಳ್ದೇ ಹ್ಯಾಗಿರೋದು? ಅದು ಬರೀ ಒಂದು ಆಟವಾಗಿದ್ರೆ ಹೋಗ್ಲಿ ಅನ್ಬಹುದಿತ್ತು. ಬರೋ ವರ್ಷ ನಮ್ಮ ಮಿರ್ರಂಬಿಕ್ ಅನ್ನೋ ತಂಡವೇ ಇರಲ್ಲ. ಪಕ್ಕದೂರು ಟಾರ್ನುಕ್ ತಂಡದ ಜೊತೆ ಸೇರ್ಸಿ ಆಯ್ತು, ಸಹಿ ಬಿತ್ತು, ಹೊಸ ಜರ್ಸಿ ನೋಡಿದ್ಯಲ್ಲ, ನಮ್ಮ ಹಸಿರು ತೋಳಿನ ಅಂಚಲ್ಲಿ ಒಂದು ದಾರದಷ್ಟು. ನಿಮ್ಮ ತಾತ ಹಾಕಿದ ಬಣ್ಣ, ನಿಮ್ಮಪ್ಪ ಹಾಕಿದ ಬಣ್ಣ. ನಿನ್ನೆ ಗೆದ್ದಿದ್ರೆ ಇನ್ನೊಂದು ಶನಿವಾರ ಸಿಗ್ತಿತ್ತು. ಫೈನಲ್. ಗೆಲ್ತಿದ್ವೋ ಇಲ್ವೋ, ಇನ್ನೊಂದು ಶನಿವಾರ... ಅಷ್ಟೇ ತಾನೇ ಈ ಊರು ಕೇಳಿದ್ದು.

ಮೂವತ್ತು ಹೆಜ್ಜೆಯಿಂದ ನೀನು ತಪ್ಪಿದ್ದನ್ನ ನಾನು ಹನ್ನೆರಡು ವರ್ಷದಲ್ಲಿ ಎರಡು ಸಲ ನೋಡಿದ್ದೀನಿ. ಎರಡು ಸಲ.

ಹೂಂ... ಉಸಿರು ಬಿಡು. ಬೇಕಾದ್ರೆ ಬೈಯೋ, ಬೈದ್ಬಿಡು. ಎಲ್ರೂ ಬೈತಿದ್ದಾರೆ. ನಿನ್ನೆ ಸಂಜೆ ಬಾರ್ ಹತ್ರ ಗ್ರಾಂಟ್‌ನನ್ನ ಬಿಟ್ರಾ? ಕೋಚ್ ಅನ್ನೋ ಮರ್ಯಾದೆನೂ ಇಲ್ಲ. ‘ರೋವನ್ ಟ್ರೆಝೈಸ್‌ನ ಹೊರಗೆ ಕೂರಿಸಿದ್ದು ಯಾಕೆ? ಗುರುವಾರ ಅವನು ಓಡಿದ್ದು ನಾವು ಕಣ್ಣಾರೆ ನೋಡ್ಲಿಲ್ವಾ? ಕುದುರೆ ಹಾಗೆ ಓಡ್ದ’ ಅಂತ ಮರ್ವಿನ್. ಗ್ರಾಂಟ್ ಗ್ಲಾಸು ಕೆಳಗಿಟ್ಟು, ‘ತಂಡ ಆರಿಸಿದ್ದು ನಾನು’ ಅಂದ. ಅಷ್ಟೇ. ತಾನೇ ಒಪ್ಕೊಂಡ್ನಲ್ಲ. ಎಲ್ರ ಮುಂದೆ ಒಪ್ಕೊಂಡ. ಇನ್ನು ನಾವೇನು ಹೇಳೋದು?

ನನ್ನನ್ನ ಯಾರೂ ಕೇಳ್ಲಿಲ್ಲ.

ಅಲ್ಲ, ಯಾವಾಗ್ಲೂ ಕೇಳ್ತಾರೆ, ಅದು ನಿಂಗೂ ಗೊತ್ತು. ಪ್ರತಿ ಗುರುವಾರ ತಂಡ ಆರಿಸೋ ಮೂರು ಜನ ಒಳಗೆ ಕೂತು ಹೆಸರಿನ ಬಿಲ್ಲೆಗಳನ್ನ ಹಲಗೆ ಮೇಲೆ ಅತ್ತಿತ್ತ ಸರಿಸ್ತಿರ್ತಾರೆ. ಗ್ರಾಂಟ್ ಎದ್ದು ಬಂದು ಈ ಬಾಗಿಲಲ್ಲಿ ತಲೆ ಹಾಕ್ತಾನೆ. ಬರೀ ಹೆಸರು ಹೇಳ್ತಾನೆ. ನಾನು ಬಾಯಿ ಬಿಡಲ್ಲ, ಹೆಬ್ಬೆರಳು ತೋರಿಸ್ತೀನಿ. ಮೇಲೆ ಅಂದ್ರೆ ಆಡ್ತಾನೆ. ಕೆಳಗೆ ಅಂದ್ರೆ ಇಲ್ಲ. ಯಾಕೆ ಅಂತ ಕೇಳೋ ಹಾಗಿಲ್ಲ. ಈ ಕೋಣೇಲಿ ಆಗಿದ್ದು ಈ ಕೋಣೇಲೇ. ಇಪ್ಪತ್ತೊಂಬತ್ತು ವರ್ಷ. ಐದು ಜನ ಕೋಚ್ ಬಂದು ಹೋದ್ರು, ಈ ನೋಲ್ ಹೆಬ್ಬೆರಳಿನ ಮೇಲೆ ಒಬ್ಬನೂ ಮಾತಾಡ್ಲಿಲ್ಲ.

ಈ ಸಲ ಏನೋ ಗಡಿಬಿಡಿ. ಕೇಳ್ಲಿಲ್ಲ. ಬಿಡು.

ಇದು ಹಳೇ ಅಂಚೆ ಕಚೇರಿ ಬಾಗಿಲು ಅಂತ ಗೊತ್ತಾ ನಿಂಗೆ, ನೀನು ಮಲಗಿರೋದು? ಕಚೇರಿ ಕೆಡವಿದಾಗ ನಾನೇ ಕೈಗಾಡೀಲಿ ತಳ್ಕೊಂಡು ಬಂದೆ. ಎರಡು ಪೀಪಾಯಿ ಮೇಲೆ ಹಾಕಿ, ಕಂಬಳಿ ಹೊದಿಸಿ ಮೊಳೆ ಹೊಡ್ದೆ. ಕ್ಲಬ್ಬು ಏನು ಕೊಟ್ಟಿತ್ತು ನಂಗೆ? ಒಂದು ಮೊಳೆ ಕೊಟ್ಟಿರ್ಲಿಲ್ಲ. ಹದಿಮೂರಕ್ಕೆ ಶಾಲೆ ಬಿಟ್ಟು ಕಸಾಯಿ ಅಂಗಡೀಲಿ ನಿಂತವಳು ನಾನು. ಸ್ನಾಯು ಅಂದ್ರೆ ಏನು ಅಂತ ಕುರಿ ತೊಡೇಲಿ ಕಲ್ತೆ. ಲೈಬ್ರರಿ ವ್ಯಾನ್ ಹದಿನೈದು ದಿನಕ್ಕೊಂದ್ಸಲ ಬರ್ತಿತ್ತಲ್ಲ, ಅದರಲ್ಲಿ ಒಂದು ದಪ್ಪ ಪುಸ್ತಕ, ಮನುಷ್ಯನ ಚರ್ಮ ಸುಲಿದ ಚಿತ್ರ ಇರೋದು. ಅದನ್ನ ಆರು ವರ್ಷ ತರಿಸ್ಕೊಂಡೆ. ಬೇರೆ ಯಾರೂ ಕೇಳ್ತಿರ್ಲಿಲ್ಲ. ಕೊನೆಗೆ ಆ ಡ್ರೈವರ್ರೇ, ‘ಇಟ್ಕೊಳ್ರೀ, ಇದು ನಿಮ್ಮ ಮನೇದೇ ಆಯ್ತು’ ಅಂದ. ಅಲ್ಲಿಂದ ಇಲ್ಲೀವರೆಗೆ ಯಾವ ಕಾಲು ಆಡುತ್ತೆ, ಯಾವುದು ಆಡಲ್ಲ ಅನ್ನೋದರಲ್ಲಿ ನನ್ನ ಕೈ ಸುಳ್ಳು ಹೇಳಿಲ್ಲ. ಒಂದೇ ಒಂದು ಸಲನೂ...

ಯಾಕೆ ತಲೆ ಆ ಕಡೆ ತಿರುಗಿಸ್ದೆ?

ಓ, ಆ ಮಂಗಳವಾರದ ಮಾತಾ? ಅದನ್ನ ನಾನು ಮನಸ್ಸಿಗೇ ತಗೊಳ್ಲಿಲ್ಲ ಮಗಾ. ನೀನು ಹಾರ್ಷಮ್ ಪೇಟೆಗೆ ಹೋಗಿ ಆ ಫಿಸಿಯೋ ಹುಡುಗಿ ಹತ್ರ ತೋರಿಸ್ಕೊಂಡು ಬಂದೆ. ತಪ್ಪೇನು? ನಿನ್ನ ಕಾಲು, ನಿನ್ನಿಷ್ಟ. ಕಾಗದ ತಂದು ನನ್ನ ಮುಂದೆ ಹಿಡಿದೆ. ‘ಪೂರ್ತಿ ವಾಸಿ ಅಂತೆ ನೋಲ್, ಅವಳ ಹತ್ರ ಯಂತ್ರ ಇದೆ, ಒಳಗಿನ ಸ್ನಾಯು ಪರದೆ ಮೇಲೆ ಕಾಣುತ್ತೆ.’ ಖುಷೀಲಿ ಹೇಳ್ದೆ. ನಾನೂ ಖುಷಿ ಪಡ್ಲಿ ಅಂತಲೇ ಹೇಳ್ದೆ, ಅದು ನಂಗೊತ್ತು. ಆಮೇಲೆ ಹುಡುಗ್ರು ಇದ್ರಲ್ಲ ಅಂತ ಒಂದು ಮಾತು ಸೇರ್ಸಿದೆ. ‘ನೋಲ್ ಕಣ್ಣು ಮುಚ್ಕೊಂಡು ಹಿಟ್ಟು ನಾದ್ತಾಳೆ, ಆ ಹುಡುಗಿ ಒಳಗೆ ನೋಡ್ತಾಳೆ.’ ಎಲ್ರೂ ನಕ್ರು. ಮಿಕ್ ಅಂತೂ ಬೆಂಚ್ ಬಡೀತಾ ನಕ್ಕ.

ನಾನೂ ನಕ್ಕೆ. ಎಲ್ರಿಗಿಂತ ಜೋರಾಗಿ ನಕ್ಕೆ, ನೆನಪಿದ್ಯಾ?

ಹಿಟ್ಟು ನಾದೋದು. ಒಳ್ಳೇ ಮಾತೇ. ಮನೆಗೆ ಹೋಗೋವರೆಗೂ ನಗ್ತಿದ್ದೆ.

ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ. ಯಂತ್ರಕ್ಕೆ ಎಲ್ಲಾ ಕಾಣುತ್ತೆ ಅಂತ ಇಲ್ವಲ್ಲ ರೋವನ್. ಕೆಲವು ಗಂಟು ಆಳದಲ್ಲಿ ಇರ್ತವೆ, ಬೆರಳಿಗೆ ಮಾತ್ರ ಸಿಗೋದು. ನಿನ್ನ ಬಲತೊಡೇಲಿ, ಹಿಂಬದೀಲಿ, ಗುರುವಾರ ನಾನು ಒತ್ತಿ ನೋಡ್ದಾಗ ಇನ್ನೂ ಅವರೆಕಾಳಿನಷ್ಟು ಗಂಟು ಇತ್ತು. ಅಂಥ ಕಾಲಲ್ಲಿ ಆಡ್ಸಿದ್ರೆ ಮತ್ತೆ ಹರೀತಿತ್ತು, ನೀನು ಕುಂಟ್ಕೊಂಡು...

ಯಾಕೆ ತಲೆ ಎತ್ತಿದೆ?

ಯಾಕೆ ಹಾಗೆ ನೋಡ್ತೀಯ?

...

ಹೇಳು ಏನಾದ್ರೂ. ‘ನೋಲ್, ನೀನು ಗುರುವಾರ ನನ್ನ ಕಾಲು ಮುಟ್ಟೇ ಇಲ್ಲ’ ಅನ್ನು. ಬಾಯಿ ಇದೆಯಲ್ಲ, ಅನ್ನು. ಮತ್ತೆ ಮುಖ ಕೆಳಗೆ ಹಾಕಿದ್ರೆ ನಾನೇನು ಅಂತ ತಿಳ್ಕೊಳ್ಲಿ?

ಹೌದು, ಮುಟ್ಟಿರ್ಲಿಲ್ಲ. ನೀನು ಈ ಬಾಗಿಲವರೆಗೂ ಬಂದು ನಿಂತಿದ್ದೆ. ಓಡಿ ಬೆವತಿದ್ದೆ. ‘ನೋಡ್ತೀಯಾ ನೋಲ್?’ ಅಂದೆ. ನಾನು ಬ್ಯಾಂಡೇಜ್ ಸುತ್ತುತ್ತಾ, ‘ಬೇಡ ಬಿಡು, ನಿನ್ನ ಹತ್ರ ಕಾಗದ ಇದೆಯಲ್ಲ’ ಅಂದೆ. ತಮಾಷೆ ಅಂದ್ಕೊಂಡೆ ನೀನು. ಹಲ್ಲು ಕಿರಿದು ಹೋದೆ. ಅದಾಗಿ ಹತ್ತು ನಿಮಿಷ ಆಗಿರ್ಬೇಕು, ಗ್ರಾಂಟ್ ತಲೆ ಹಾಕ್ದ. ‘ರೋವನ್?’ ಅಂದ.

ಅವನು ಕೇಳ್ದ ಕಣೋ. ಕೇಳಲೇ ಇಲ್ಲ ಅಂತ ನಾನು ಅಂದೆನಲ್ಲ ಆಗ, ಕೇಳ್ದ. ಯಾವಾಗ್ಲೂ ಕೇಳೋ ಹಾಗೇ ಕೇಳ್ದ.

ನಾನು ಹೆಬ್ಬೆರಳು ಕೆಳಗೆ ತೋರಿಸ್ದೆ. ಅವನು ಮೊದಲನೇ ಸಲ ‘ನಿಜವಾಗ್ಲೂನಾ?’ ಅಂತ ಕೇಳೋ ಹಾಗೆ ಬಾಯಿ ತೆರೆದ. ಆ ಬಾಯಿ ನೋಡಿ ನಂಗೆ ಇನ್ನೂ ಹಟ ಬಂತು. ಐದು ಜನ ಕೋಚ್‌ಗಳಲ್ಲಿ ಯಾರೂ ಕೇಳ್ದೇ ಇದ್ದದ್ದನ್ನ ಇವನು ಕೇಳ್ತಾನಾ ಅಂತ... ಕೈ ಇಳಿಸ್ಲಿಲ್ಲ. ಅವನು ಹೋದ. ನಿನ್ನ ಬಿಲ್ಲೆ ತೆಗೆದ ಸದ್ದು ಗೋಡೆ ಆಚೆಯಿಂದ ಕೇಳಿಸ್ತು. ಆಗ ಎದ್ದು ಹೋಗಿ ಹೇಳ್ಬಹುದಿತ್ತು. ಶುಕ್ರವಾರ ಹೇಳ್ಬಹುದಿತ್ತು. ಶನಿವಾರ ಮಧ್ಯಾಹ್ನದವರೆಗೂ ಟೈಮಿತ್ತು. ಮಿಕ್‌ನ ಕಣಕಾಲಿಗೆ ಟೇಪು ಸುತ್ತಿದ್ದೂ ನಾನೇ. ‘ನಂಗೆ ಬೇಡ್ವಾಗಿತ್ತು ನೋಲ್’ ಅಂದ. ನಾನು ಇನ್ನೊಂದು ಸುತ್ತು ಸುತ್ತಿದೆ.

ಆಮೇಲೆ ಬಾರಲ್ಲಿ ‘ಆರಿಸಿದ್ದು ನಾನು’ ಅಂದ್ನಲ್ಲ ಗ್ರಾಂಟ್... ಅನ್ನೋ ಮುಂಚೆ ನನ್ನ ಕಡೆ ಒಂದ್ಸಲ ನೋಡ್ದ. ಬೇರೆ ಯಾರೂ ಗಮನಿಸ್ಲಿಲ್ಲ. ನಾನು ಗ್ಲಾಸು ಎತ್ತಿ ಕುಡ್ದೆ.

ಬಲಗಾಲು. ಸರಿ. ಅದಕ್ಕೇ ತಾನೇ ಬಂದಿದ್ದು ನೀನು? ಬೈಯೋಕಲ್ಲ, ಕೇಳೋಕಲ್ಲ. ಇಲ್ಲಿ ಮಲಗಿ, ಕಾಲು ನನ್ನ ಕೈಗೆ ಕೊಟ್ಟು, ಸುಮ್ನಿರೋಕೆ.

ಆರು ವಾರದ ಹಿಂದೆ ಇದೇ ಜಾಗ ಮುಟ್ಟಿದಾಗ ನೀನು ಹಾಕಿದ ಕೂಗಿಗೆ ಡಾಟ್ ಕೈಯಿಂದ ಕೆಟಲ್ ಬಿದ್ದಿತ್ತು, ನೆನಪಿದ್ಯಾ? ಈಗ ಒತ್ತುತ್ತೀನಿ. ಇಲ್ಲಿ? ನೋವಿದ್ರೆ ಹೇಳು. ಸ್ವಲ್ಪ ಮೇಲೆ... ಇಲ್ಲಿ? ಇಲ್ಲೇನಾದ್ರೂ? ನನ್ನ ಪೂರ್ತಿ ಭಾರ ಬಿಟ್ಟಿದ್ದೀನಿ ರೋವನ್, ಹೆಬ್ಬೆರಳಿನ ಉಗುರು ಬೆಳ್ಳಗಾಗಿದೆ. ಒಂದು ಸಲ ಕೂಗೋ. ಸುಳ್ಳುಸುಳ್ಳೇ ಆದ್ರೂ ಪರವಾಗಿಲ್ಲ. ಒಂದು ಸಣ್ಣ... ‘ಹಾ’ ಅಂತ...

ಎಷ್ಟು ಮೆತ್ತಗಿದೆ ಈ ಕಾಲು. ಎಷ್ಟು ಚೆನ್ನಾಗಿ ವಾಸಿಯಾಗಿದೆ.

...

ಹೊರಗೆ ಯಾಕೆ ಯಾರದೂ ಸದ್ದಿಲ್ಲ? ಮರ್ವಿನ್ ಯಾಕೆ ಸುಮ್ನಾದ?

ಬೇಡ ಮಗಾ, ನೀನು ಏಳ್ಬೇಡ. ಬಾಗಿಲು ಹಾಕ್ಬೇಡ. ಕೇಳಿಸ್ಕೊಂಡ್ರೆ ಕೇಳಿಸ್ಕೊಳ್ಲಿ, ಅರ್ಧಂಬರ್ಧ ಕೇಳಿಸ್ಕೊಂಡಿರ್ತಾರೆ. ಕೈ ಒರೆಸ್ಕೋತೀನಿ, ಆ ಬಟ್ಟೆ ಈ ಕಡೆ ಕೊಡು.

ಮರ್ವ್... ಅಲ್ಲೇ ಇರು. ಗ್ರಾಂಟ್‌ನನ್ನೂ ಕರಿ. ಈರುಳ್ಳಿ ಸೀಯ್ತಿದೆ, ತಿರುವು. ನಾನೇ ಬಂದು ಹೇಳ್ತೀನಿ.