ಮೊದಲ ಹಂತದ ಪುಸ್ತಕಗಳು

ಸಂಘದ ಅಧ್ಯಕ್ಷರಾದ ಹಾಲಪ್ಪನವರೇ, ಅಹಮದಾಬಾದಿನಿಂದ ದಯಮಾಡಿಸಿರುವ ಮುಖ್ಯ ಅತಿಥಿ ಚನ್ನಬಸಪ್ಪನವರೇ, ವಡೋದರಾದ ಕನ್ನಡ ಬಂಧುಗಳೇ, ಸಭಿಕರೇ,

"ಅವಸರವೆಲ್ಲ ನಮ್ಮದು, ಮಗುವಿನದಲ್ಲ." ಯಾವುದೋ ಕವಿತೆಯ ಈ ಸಾಲನ್ನು ಎಲ್ಲಿ ಓದಿದೆನೋ ನೆನಪಿಲ್ಲ. "ಮಗುವಿನದಲ್ಲ" ಎಂದಿತ್ತೋ "ಮೊಗ್ಗಿನದಲ್ಲ" ಎಂದಿತ್ತೋ, ಅದೂ ಖಚಿತವಿಲ್ಲ. ಎರಡು ವರ್ಷ ಈ ಅರೆನೆನಪಿನ ಸಾಲನ್ನೇ ಹಿಡಿದುಕೊಂಡು ಕಳೆದೆ. ಇವತ್ತು ಕೇಳಿಕೊಳ್ಳುತ್ತಿದ್ದೇನೆ: ಅದು ನಿಜವೇ? ನನ್ನ ವಿಷಯದಲ್ಲಾದರೂ ನಿಜವಾಗಿತ್ತೇ?

ಹಾಲಪ್ಪನವರು ಫೋನಿನಲ್ಲಿ ಮೊದಲೇ ಎಚ್ಚರಿಸಿದ್ದರು. "ಮೇಡಮ್ಮೋರ, ಶಾಲು ಹೊದಸ್ತೀವಿ, ಹತ್ತು ನಿಮಿಷ ಮಾತಾಡ್ರಿ. ಮನ್ಯಾಗ ಪಾಠ ಹೇಳೋರು ಸಣ್ಣ ಮಕ್ಕಳಿಗೆ ಎಂಥಾ ಪುಸ್ತಕ ಆರಿಸಬೇಕು, ಅಷ್ಟ ಹೇಳ್ರಿ. ಕವಿತಾ ಮಾತ್ರ ಬ್ಯಾಡ್ರಿ, ಊಟಕ್ಕ ತಡಾ ಆಗ್ತದ." ಕವಿತೆಯಿಂದಲೇ ಶುರು ಮಾಡಿದ್ದೇನೆ, ಅಧ್ಯಕ್ಷರು ಕ್ಷಮಿಸಬೇಕು. ಶಾಲನ್ನಂತೂ ಹೊದಿಸಿಯಾಗಿದೆ.

ಈಗಷ್ಟೇ ನನ್ನ ಪರಿಚಯ ಓದಿದರು. "ತಾಯಿಯಿಲ್ಲದ ಮಗುವಿಗೆ ನಿಸ್ವಾರ್ಥವಾಗಿ ವಿದ್ಯೆ ಕಲಿಸಿದವರು" ಎಂದರು. ನೀವು ಚಪ್ಪಾಳೆ ತಟ್ಟಿದಿರಿ. ಆ 'ನಿಸ್ವಾರ್ಥ' ಎಂಬ ಒಂದು ಪದದ ಬಗ್ಗೆಯೇ ನಾನು ಮಾತಾಡಬೇಕಾಗಿದೆ.

ನನ್ನ ತಮ್ಮ ಅನಿಲ್, ಅಗೋ ಮೂರನೇ ಸಾಲಿನಲ್ಲಿ ಕುಳಿತಿದ್ದಾನೆ. ಸೂರತ್‌ನ ಪಾಂಡೇಸರಾದಲ್ಲಿ, ಬಣ್ಣದ ಮಿಲ್ಲುಗಳ ಹತ್ತಿರ, ಅವನ ಹೋಟೆಲಿದೆ. ಅವನ ಹೆಂಡತಿ ಪ್ರತೀಕ್ಷಾ ನಾಲ್ಕು ದಿನದ ಜ್ವರಕ್ಕೆ ತೀರಿಕೊಂಡಾಗ ಮಗಳು ಸಿಂಚನಾಗೆ ಆರು ವರ್ಷ. ಮಗು ಶಾಲೆಯಲ್ಲಿ ಮಾತು ನಿಲ್ಲಿಸಿತು. ಬೆಳಗಿನ ಐದಕ್ಕೆ ಹೋಟೆಲಿನ ಬಾಗಿಲು ತೆರೆಯಬೇಕಾದ ಅನಿಲ್, "ಅಕ್ಕ, ಸ್ವಲ್ಪ ದಿನ ನಿನ್ನ ಹತ್ರ ಇರ್ಲಿ. ಮನೆಯಲ್ಲೇ ಎಂತಾದ್ರೂ ಹೇಳಿಕೊಡು. ಸರಿಯಾದ ಮೇಲೆ ನಾನು ಕರ್ಕೊಂಡು ಹೋಗ್ತೇನೆ" ಎಂದ. ಮಂಜಲ್‌ಪುರದ ನನ್ನ ಫ್ಲ್ಯಾಟಿಗೆ ಸಿಂಚನಾ ಬಂದದ್ದು ಹಾಗೆ. ನಾನು ಎಂ.ಎ. ಮಾಡಿದವಳು, ಮದುವೆಯಾಗಲಿಲ್ಲ, ಮನೆಯಲ್ಲೇ ಕೂತು ಅನುವಾದದ ಕೆಲಸ ಮಾಡುತ್ತೇನೆ. ಇಪ್ಪತ್ತು ವರ್ಷದಿಂದ ನನ್ನ ಅಡುಗೆಮನೆಯಲ್ಲಿ ಒಂದು ಲೋಟ ಅಕ್ಕಿ ಎರಡು ಹೊತ್ತಿಗೆ ಬರುತ್ತಿತ್ತು. ಇದನ್ನು ಏಕೆ ಹೇಳಿದೆನೋ ಗೊತ್ತಿಲ್ಲ. ಪುಸ್ತಕದ ವಿಷಯಕ್ಕೆ ಬರುತ್ತೇನೆ.

ಮನೆಶಾಲೆಗೆ ಪುಸ್ತಕ ಆರಿಸುವುದೆಂದರೆ ಸೀರೆ ಅಂಗಡಿಗೆ ಹೋದ ಹಾಗೆ. ಬಿಡಿಸಿದಷ್ಟೂ ಇನ್ನೊಂದು ಚೆನ್ನಾಗಿ ಕಾಣುತ್ತದೆ. ಕಥೆಯಿಂದ ಕಲಿಸುವ ಪಠ್ಯವಿದೆ, ಕೈಕೆಲಸದಿಂದ ಕಲಿಸುವುದಿದೆ, ದಿನಕ್ಕೆ ನಾಲ್ಕು ಹಾಳೆ ಬರೆಸುವುದಿದೆ, ಸರ್ಕಾರದ ಪಠ್ಯಪುಸ್ತಕಗಳಿವೆ. ನಾನು ಎರಡು ತಿಂಗಳು ಹುಡುಕಿದೆ. ಕೊನೆಗೆ ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ಇಬ್ಬರು ಮಕ್ಕಳಿಗೂ ಮನೆಯಲ್ಲೇ ಕಲಿಸುತ್ತಿರುವ ಕೃಪಾ ಎಂಬ ಮೈಸೂರಿನ ಹೆಣ್ಣುಮಗಳನ್ನು ಕಂಡೆ. ಆಕೆ ತನ್ನ ಕಪಾಟನ್ನೆಲ್ಲ ತೆರೆದು ತೋರಿಸಿ, "ಆಂಟಿ, ವಯಸ್ಸು ನೋಡಿ ತಗೋಬೇಡಿ, ಮಗು ನೋಡಿ ತಗೊಳ್ಳಿ. ಆರ್ಡರ್ ಮಾಡೋಕ್ ಮುಂಚೆ ಇದೊಂದು ಟೆಸ್ಟ್ ಮಾಡ್ಸಿ. ಯಾವ ಹಂತದಿಂದ ಶುರು ಮಾಡ್ಬೇಕು ಅಂತ ಅದೇ ಹೇಳುತ್ತೆ" ಎಂದು ಒಂದು ಪ್ರಶ್ನೆಪತ್ರಿಕೆ ಕೊಟ್ಟಳು.

ಇಲ್ಲಿರುವ ಎಳೆಯ ತಂದೆತಾಯಂದಿರೇ, ನಿಮಗೆ ನಾನು ಹೇಳಬಹುದಾದ ಸಲಹೆಯೂ ಅದೊಂದೇ. ಇಷ್ಟಕ್ಕೇ ಕುಳಿತುಬಿಟ್ಟಿದ್ದರೆ ಊಟಕ್ಕೆ ತಡವಾಗುತ್ತಿರಲಿಲ್ಲ.

ಸಿಂಚನಾ ಖಾಕ್ರಾ ತಿನ್ನುತ್ತಾ ಆ ಪರೀಕ್ಷೆ ಬರೆದಳು. ಮೂವತ್ತಾರಕ್ಕೆ ಮೂವತ್ತನಾಲ್ಕು ಬಂತು. ಮೂವತ್ತು ದಾಟಿದವರು ಎರಡನೇ ಹಂತದಿಂದ ಶುರು ಮಾಡಬೇಕು ಎಂದು ಹಾಳೆಯ ಕೆಳಗೆ ಅಚ್ಚಾಗಿತ್ತು. ಎರಡನೇ ಹಂತ ಮುಗಿಸಿದ ಮಗು ನೇರವಾಗಿ ಶಾಲೆಗೆ ಹೋಗಬಹುದು ಎಂದೂ ಇತ್ತು. ಅಂದರೆ ಹತ್ತು ತಿಂಗಳಿಗೆ ನನ್ನ ಪಾಠ ಮುಗಿಯುತ್ತಿತ್ತು.

ನಾನು ಮೊದಲ ಹಂತದ ಪುಸ್ತಕಗಳನ್ನು ತರಿಸಿದೆ.

ಬುನಾದಿ ಗಟ್ಟಿಯಾಗಲಿ ಎಂದುಕೊಂಡೆ. ಅನಿಲನಿಗೂ ಹಾಗೆಯೇ ಹೇಳಿದೆ. ಅಂಕದ ಹಾಳೆಯನ್ನು ಅವನಿಗೆ ತೋರಿಸಲಿಲ್ಲ. ಒಂದು ವರ್ಷ ಮುಗಿದ ಮೇಲೆ ಅದೇ ಹಂತದ ಇನ್ನೊಂದು ಕಟ್ಟು ಅಭ್ಯಾಸದ ಪುಸ್ತಕ ತರಿಸಿದೆ. ಬುನಾದಿಯೆಂದರೆ ಎಷ್ಟು ಆಳ ಅಗೆಯುತ್ತಾರೆ, ಹೇಳಿ? ಮನೆ ಕಟ್ಟುವವರಾದರೂ ಎಲ್ಲೋ ಒಂದು ಕಡೆ ನಿಲ್ಲಿಸುವುದಿಲ್ಲವೇ?

"ಅತ್ತೆ, ಯೇ ತೋ ಬೇಬಿ ಬುಕ್ ಹೈ. ನಂಗಿದೆಲ್ಲ ಬರ್ತದೆ" ಎನ್ನುತ್ತಿದ್ದಳು ಮೊದಮೊದಲು.

ಅನಿಲ್ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದ. "ಹೇಗುಂಟು ಅಕ್ಕ? ಜೂನಿಗೆ ಶಾಲೆಗೆ ಹಾಕ್ಲಿಕ್ಕಾಗ್ತದಾ?" "ಇನ್ನೂ ತಯಾರಾಗ್ಲಿಲ್ಲ ಮಾರಾಯ. ಅವಸರ ಎಂತಕ್ಕೆ?" ಎನ್ನುತ್ತಿದ್ದೆ. ಆ ಸಾಲು ಎಷ್ಟು ಚೆನ್ನಾಗಿ ಒದಗಿ ಬರುತ್ತಿತ್ತು! ಅವಸರ ನನ್ನದಾಗಿರಲೇ ಇಲ್ಲ ಸಭಿಕರೇ. ತಡ ನನ್ನದಾಗಿತ್ತು.

ಅಂಥದೊಂದು ಭಾನುವಾರ ಅವಳು ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದಳು. ಮರುದಿನ ಪುಸ್ತಕದಲ್ಲಿ ಐದು ಬಾತುಕೋಳಿಗಳಿದ್ದವು. ಬೆರಳಿಟ್ಟು ಐದನ್ನೂ ಎಣಿಸಿದಳು, ನಾಲ್ಕು ಎಂದು ಬರೆದಳು, ನನ್ನ ಮುಖ ನೋಡಿದಳು. ನನ್ನ ಮುಖದಲ್ಲಿ ಅವಳಿಗೆ ಏನು ಕಂಡಿತೋ. ನಾನು ಗದರಲಿಲ್ಲ, ತಿದ್ದಲೂ ಇಲ್ಲ. ತಲೆ ಸವರಿ, "ಪರವಾಗಿಲ್ಲ ಪುಟ್ಟಾ, ನಿಧಾನ ಕಲಿ" ಎಂದೆ. ಅಂದಿನಿಂದ ದಿನವೂ ಒಂದೆರಡು ತಪ್ಪು ಮಾಡತೊಡಗಿದಳು. ಅವು ಬೇಕೆಂದೇ ಮಾಡುವ ತಪ್ಪುಗಳೆಂದು ನನಗೆ ಗೊತ್ತಿತ್ತೇ? ಗೊತ್ತಿತ್ತು.

ಕಳೆದ ಜೂನಿನಲ್ಲಿ ಅನಿಲ್ ಹೇಳದೆ ಕೇಳದೆ ಬಂದ. "ಕಲೀಲಿ, ಬಿಡ್ಲಿ, ನನ್ನ ಮಗಳು ನನ್ನ ಹತ್ರ ಇರ್ಲಿ ಅಕ್ಕ" ಎಂದು ಕರೆದುಕೊಂಡು ಹೋದ. ಸೂರತ್‌ನ ಶಾಲೆಯೊಂದರಲ್ಲಿ ವಯಸ್ಸಿಗೆ ತಕ್ಕಂತೆ ಮೂರನೇ ತರಗತಿಗೆ ಸೇರಿಸಿಕೊಂಡರು. ಅಲ್ಲಿಯೂ ಅದೇ ರೂಢಿ, ಏಳಕ್ಕೆ ಐದು ಕೂಡಿಸಿದರೆ ಹನ್ನೊಂದು ಎಂದು ಬರೆಯುತ್ತಾಳಂತೆ. ಕೇಳಿದರೆ ತಲೆ ತಗ್ಗಿಸುತ್ತಾಳಂತೆ. ಮಗು ಮಂದ, ಎರಡನೇ ತರಗತಿಗೆ ಇಳಿಸುತ್ತೇವೆ ಎಂದು ಶಾಲೆಯವರು ಕಾಗದ ಕೊಟ್ಟಿದ್ದಾರೆ. ದೀಪಾವಳಿ ರಜೆ ಮುಗಿದು ಸೋಮವಾರ ಶಾಲೆ ತೆರೆದಾಗ ಅನಿಲ್ ಅದಕ್ಕೆ ಸಹಿ ಮಾಡಬೇಕು. ಮಗಳನ್ನು ಅಲ್ಲೇ ಬಿಟ್ಟು ನನ್ನ ಸನ್ಮಾನ ನೋಡಲು ಬಂದಿದ್ದಾನೆ. ಇವತ್ತು ಮಧ್ಯಾಹ್ನ ಊಟ ಮಾಡುತ್ತಾ, "ನೀನೇ ಹೇಳು ಅಕ್ಕ, ನೀನು ಕಲಿಸಿದವಳಲ್ವಾ? ಸಹಿ ಮಾಡ್ಲಾ?" ಎಂದು ಕೇಳಿದ. ನಾನು ಅವನಿಗೆ ಮತ್ತೆ ಸಾರು ಬಡಿಸಿದೆ. ಮನೆಯ ಒಳಗೆ, ಒಬ್ಬನೇ ತಮ್ಮನಿಗೆ ಹೇಳಲಾಗದ್ದನ್ನು ಇನ್ನೂರು ಜನರ ಮುಂದೆ ಹೇಳುತ್ತಿದ್ದೇನೆ. ನಾನು ಎಂಥ ಧೈರ್ಯವಂತೆ, ನೋಡಿ!

ಅನಿಲ್, ಸಹಿ ಮಾಡಬೇಡ. ಆ ಅಂಕದ ಹಾಳೆ ನನ್ನ ಚೀಲದಲ್ಲಿದೆ, ತೆಗೆದುಕೊಂಡು ಹೋಗಿ ಅವರಿಗೆ ತೋರಿಸು. ಮಗು ಮಂದವಲ್ಲ. ನಿಮ್ಮ ಅತ್ತಿಗೆ, ನಾದಿನಿ, ಅಕ್ಕ ಯಾರೇ ನಿಮ್ಮ ಮಗುವಿಗೆ ಪುಸ್ತಕ ಆರಿಸಿದರೂ, ಬಂಧುಗಳೇ, ಏಕೆ ಅದನ್ನೇ ಆರಿಸಿದೆ ಎಂದು ಒಮ್ಮೆ ಕೇಳಿ. ನನ್ನನ್ನು ಯಾರೂ ಕೇಳಲಿಲ್ಲ. ಎಲ್ಲರಿಗೂ ನನ್ನ ಮೇಲೆ ಗೌರವವಿತ್ತು.

ಶಾಲನ್ನು ಮಡಿಸಿ ಕುರ್ಚಿಯ ಮೇಲೆ ಇಟ್ಟಿದ್ದೇನೆ, ಅಧ್ಯಕ್ಷರು ತಪ್ಪು ತಿಳಿಯಬಾರದು. ಕರೆದ ಸಂಘಕ್ಕೂ, ಇಷ್ಟು ಹೊತ್ತು ಎದ್ದು ಹೋಗದೆ ಕೇಳಿದ ನಿಮಗೂ ಧನ್ಯವಾದಗಳು. ಸಂಜೆ ಇಲ್ಲಿಗೆ ಹೊರಟಾಗ ಕೇಳಿದ ಒಂದು ಮಾತನ್ನೂ ಅನಿಲ್‌ಗೆ ಮುಟ್ಟಿಸಿ, ನಿಮಗೆಲ್ಲ ನಮಸ್ಕಾರ ಮಾಡಿ ಕೆಳಗಿಳಿಯುತ್ತೇನೆ. ಅವನು ರಿಕ್ಷಾ ಕರೆಯಲು ಕೆಳಗೆ ಹೋಗಿದ್ದ. ನಾನು ಬೀಗ ಹಾಕುತ್ತಿದ್ದೆ. ಪಕ್ಕದ ಮನೆಯ ಚಂಪಾಬೆನ್ ಬಾಗಿಲಿಗೆ ಬಂದು, ಮಗು ಹೇಗಿದೆ ಎಂದು ಕೇಳಿದರು. ಶಾಲೆಯ ಕಾಗದದ ವಿಷಯ ಹೇಳಿದೆ. ಅವರು ಗುಜರಾತಿಯಲ್ಲಿ ಹೇಳಿದ್ದು ಇಷ್ಟು:

"ಬೆನ್, ಅವಳಿಗೆ ಎಲ್ಲ ಬರ್ತದೆ. ನಮ್ಮನೇಲಿ ಹಪ್ಪಳ ಎಣಿಸುವಾಗ ಇನ್ನೂರರ ತನಕ ಒಂದೂ ತಪ್ಪುತ್ತಿರಲಿಲ್ಲ. ಅತ್ತೆ ಮುಂದೆ ಮಾತ್ರ ಯಾಕೆ ತಪ್ಪು ಮಾಡ್ತೀಯೇ ಅಂತ ನಾನೇ ಒಂದಿನ ಕೇಳಿದೆ. 'ನಂಗೆ ಬರ್ತದೆ ಅಂತ ಗೊತ್ತಾದ್ರೆ ಪಪ್ಪಾ ಕರ್ಕೊಂಡು ಹೋಗ್ತಾರೆ. ಆಮೇಲೆ ಅತ್ತೆ ಯಾರ ಜೊತೆ ಊಟ ಮಾಡ್ತಾರೆ?' ಅಂದಳು."