ಪಾಠದ ಕೊನೆಯ ಐದು ನಿಮಿಷ

"ನಮಗೆ ಕಲಿಯುವ ಅವಕಾಶವೇ ಸಿಗಲಿಲ್ಲ ಬುದ್ಧಿ" ಎಂದು ಪ್ರವಚನಕ್ಕೆ ಬಂದ ಒಬ್ಬ ತಾಯಿ ಈಗಷ್ಟೇ ಹೇಳಿದರು. ಅದಕ್ಕೊಂದು ಕಥೆ ಇದೆ, ಕೇಳಿ. ಒಂದು ಊರಿನ ಕಾಲೇಜಿನಲ್ಲಿ ಒಬ್ಬ ಸಾಹುಕಾರನ ಮಗ ಓದುತ್ತಿದ್ದ. ಅದೇ ಕಾಲೇಜಿನಲ್ಲಿ ಒಬ್ಬ ಜವಾನ ಗಂಟೆ ಹೊಡೆಯುತ್ತಿದ್ದ.

ಆಗಿನ ಗಂಟೆ ನೆನಪಿದೆಯೇ ನಿಮಗೆ? ಬೇವಿನ ಮರಕ್ಕೆ ತೂಗುಹಾಕಿದ ರೈಲು ಕಂಬಿಯ ತುಂಡು. ಅದರ ಸದ್ದು ನೆನೆದರೆ ಈಗಲೂ ನನ್ನ ಎದೆ ತುಂಬಿ ಬರುತ್ತದೆ. ಎಂಥ ಕಾಲ ಅದು! ಮಾಸ್ತರರ ಕೋಟಿನ ತೋಳಿಗೆಲ್ಲ ಸೀಮೆಸುಣ್ಣ, ಅವರು ಪಾಠ ಹೇಳಿದರೆ ಕಿಟಕಿಯ ಹೊರಗೂ ಕೇಳಬೇಕು.

ಈ ಜವಾನ ಕಿಟಕಿಯ ಹೊರಗೆ ನಿಂತು ಕೇಳುತ್ತಿದ್ದ. ಜೀವಶಾಸ್ತ್ರದ ಮಾಸ್ತರರು ಪ್ರತಿ ಚಳಿಗಾಲದಲ್ಲೂ ಒಂದು ಪ್ರಶ್ನೆ ಹಾಕುತ್ತಿದ್ದರು: "ಹಿಮಾಲಯ ದಾಟಿ ನಮ್ಮ ಕೆರೀಗೆ ಹೆಬ್ಬಾತು ಬರ್ತಾವಲ್ಲ, ಅವಕ್ಕ ದಾರಿ ತೋರಿಸಿದವರು ಯಾರು?" ಉತ್ತರ ಬರುತ್ತಿದ್ದುದು ಪಾಠದ ಕೊನೆಯ ಐದು ನಿಮಿಷದಲ್ಲಿ. ಆಗ ಜವಾನ ಎಲ್ಲಿ? ಬೇವಿನ ಮರದ ಹತ್ತಿರ! ಗಂಟೆ ಹೊಡೆಯಬೇಕಲ್ಲ! ಮೂವತ್ತು ವರ್ಷ ಪ್ರಶ್ನೆ ಅವನ ಕಿವಿಗೆ ಬಿತ್ತು, ಒಮ್ಮೆಯೂ ಉತ್ತರ ಬೀಳಲಿಲ್ಲ. ಮಾಸ್ತರರನ್ನೇ ಕೇಳಬಹುದಿತ್ತು ಅನ್ನುತ್ತೀರಾ? ನೋಡಿ, ಜವಾನನೊಬ್ಬ ಮಾಸ್ತರರೆದುರು ಪಾಠದ ಮಾತೆತ್ತುವ ಕಾಲವೇ ಅದು?

ಒಳಗೆ ಮುಂದಿನ ಬೆಂಚಿನಲ್ಲಿ ಕೂತ ಸಾಹುಕಾರನ ಮಗನೋ, "ಲಗೂನ ಹೊಡಿಯೋ ಮಾರಾಯಾ" ಎಂದು ಕಿಟಕಿಯಿಂದಲೇ ಸನ್ನೆ ಮಾಡುತ್ತಿದ್ದ.

ಇಬ್ಬರಿಗೂ ವಯಸ್ಸಾಯಿತು. ಕಂಬಿ ಹೋಗಿ ಕರೆಂಟಿನ ಗಂಟೆ ಬಂತು. ಈಗಂತೂ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳೇ ಆನ್‌ಲೈನಿನಲ್ಲಿ ಎಲ್ಲರಿಗೂ ಪುಕ್ಕಟೆ ಪಾಠ ಹೇಳುತ್ತಿವೆ. ಒಂದು ದಿನ ಜವಾನನ ಮೊಮ್ಮಗಳು ಅಜ್ಜನಿಗೆ ಮೊಬೈಲಿನಲ್ಲಿ ಹಕ್ಕಿಗಳ ಪಾಠ ಹಚ್ಚಿಕೊಟ್ಟಳು, ಅದೂ ಕನ್ನಡದಲ್ಲಿ. ಮುದುಕ ಅಲುಗಾಡದೆ ಕೇಳಿದ. ಇನ್ನು ಐದು ನಿಮಿಷ ಇದೆ ಎನ್ನುವಾಗ ಎದ್ದು ಬಾಗಿಲ ಕಡೆ ನಡೆದ!

"ಅಜ್ಜಾ, ಎಲ್ಲಿ ಹೊಂಟಿ?"

"ಗಂಟಿ ಹೊಡೀಬೇಕವಾ, ಹೊತ್ತಾತು."

"ಇಲ್ಲಿ ಗಂಟಿ ಇಲ್ಲಜ್ಜಾ. ಕುಂದ್ರು."

ಕೂತ. ಜೀವಮಾನದಲ್ಲಿ ಮೊದಲ ಸಲ ಪಾಠದ ಕೊನೆ ಕೇಳಿದ. ಮರಿಗಳು ಹಿರಿಯ ಹೆಬ್ಬಾತುಗಳ ಜೊತೆ ಹಾರಿ ಹಾರಿಯೇ ದಾರಿ ಕಲಿಯುತ್ತವಂತೆ! ಮುದುಕ ಅತ್ತುಬಿಟ್ಟ. ಯಾರಿಗಾದರೂ ಹೇಳಬೇಕಲ್ಲ, ಮರುದಿನವೇ ಆ ಸಾಹುಕಾರನ ಮಗನ ಮನೆಗೆ ಹೋದ, ಈಗ ಅವನೇ ಸಾಹುಕಾರ. "ಸಾವ್ಕಾರ್ರ, ಆ ಹಕ್ಕಿ ದಾರಿ ಹೆಂಗ ಕಲೀತಾವಂತ ಗೊತ್ತಾತ್ರಿ ನನಗ!"

ಸಾಹುಕಾರ ಹನ್ನೆರಡು ಆನ್‌ಲೈನ್ ಕೋರ್ಸಿಗೆ ಹೆಸರು ಬರೆಸಿ, ಒಂದನ್ನೂ ಪೂರ್ತಿ ನೋಡದೆ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಆತ ಕೇಳಿದ, "ಯಾವ ಹಕ್ಕಿಯೋ?"

ನಗುತ್ತೀರಿ. ನಗಬೇಡಿ. ನಾನು ಮಾತು ಶುರು ಮಾಡಿದಾಗಿನಿಂದ ಎಷ್ಟು ಜನ ಗಡಿಯಾರ ನೋಡಿದಿರಿ ಎಂದು ನನಗೆ ಗೊತ್ತಿದೆ! ಆಗ ಅವಕಾಶ ಇರಲಿಲ್ಲ, ಒಪ್ಪಿದೆ ತಾಯಿ. ಅದಕ್ಕೆ ನನಗೂ ಸಂಕಟವಿದೆ. ಆದರೆ ಈಗ? ಈಗ ಗಂಟೆ ಹೊಡೆದು ಏಳುತ್ತಿರುವವರು ಯಾರು? ನಾವೇ ಅಲ್ಲವೇ?

ನಾಳೆ ಬೆಳಿಗ್ಗೆ ಚಹಾ ಕುಡಿದ ಮೇಲೆ ಒಂದು ಪಾಠ ಹಚ್ಚಿ. ಹನ್ನೆರಡು ಬೇಡ, ಒಂದೇ ಒಂದು. ಪಕ್ಕದಲ್ಲಿ ಮನೆಯ ಮಕ್ಕಳನ್ನೂ ಕೂರಿಸಿಕೊಳ್ಳಿ, ಅವು ನಿಮ್ಮನ್ನು ನೋಡಿಯೇ ಕಲಿಯುವುದು. ಕೊನೆಯ ಐದು ನಿಮಿಷ ಉಳಿದಾಗ ಕಾಲು ತಾನಾಗಿ ಏಳುತ್ತದೆ. ಆಗ ಆ ಮೊಮ್ಮಗಳ ಮಾತನ್ನು ನಿಮಗೆ ನೀವೇ ಹೇಳಿಕೊಳ್ಳಿ: ಇಲ್ಲಿ ಗಂಟಿ ಇಲ್ಲ. ಕುಂದ್ರು.