ಬ್ಲ್ಯಾಕ್‌ಟೌನಿನ ಚುಕ್ಕೆ

ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್ ಕಡೆಗೆ ಹೋಗುವ ಟ್ರಾಮಿನಲ್ಲಿ ಎದುರು ಸೀಟಿನವರು ಕನ್ನಡದಲ್ಲಿ ಮಾತಾಡುತ್ತಿದ್ದರು. ಇಲ್ಲಿ ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ. ಕೊರಳ ಕಾರ್ಡಿನ ಪ್ರಕಾರ ಅವಳು ಆರತಿ, ಅವನು ಕುಶಾಲ್. ಮುಂದಿನ ವಾರ ಅವರ ಕಂಪನಿಯ ಹೊಸ ಇ-ಸಿಗರೇಟು ದುಬೈಯಲ್ಲಿ ಬಿಡುಗಡೆಯಂತೆ.

ಅವಳು ಮೊಬೈಲಿನಲ್ಲಿ ಒಂದು ನಕಾಶೆ ತೋರಿಸಿದಳು.

“ಯಾರಾದ್ರೂ ದಮ್ ಎಳೆದ್ರೆ ಮಾತ್ರ ಮ್ಯಾಪಲ್ಲಿ ಚುಕ್ಕೆ ಹತ್ತಬೇಕು, ಅಲ್ವಾ?”

“ಹೌದು. ದುಬೈ ಸ್ಟೇಜ್ ಮೇಲೆ ಅದನ್ನೇ ತೋರಿಸೋದು.”

“ಹಾಗಾದ್ರೆ ಸಿಡ್ನೀಲಿ ಹತ್ತಿರೋದು ಯಾರದು?”

“ಟೆಸ್ಟಿಂಗ್‌ಗೆ ಕೊಟ್ಟಿದ್ದೆಲ್ಲಾ ವಾಪಸ್ ಬಂತಲ್ಲ.”

“ಮೊದಲು ಟೆಸ್ಟ್ ಮಾಡಿದ ಸೆಡ್ರಿಕ್‌ದು ಬಂದಿಲ್ಲ.”

ಅವನು ಮೊಬೈಲಿನತ್ತ ಬಾಗಿದ.

“ಅದನ್ನ ಅವನ ಜೊತೆ ಶವಪೆಟ್ಟಿಗೇಲೇ ಇಟ್ರು, ಆರತಿ. ಕೈಲಿ ಜಪಸರ, ಕೋಟಿನ ಜೇಬಲ್ಲಿ ಅದು. ನಾನೇ ಮಣ್ಣು ಹಾಕಿ ಬಂದೆ.”

“ಸಿಡ್ನಿಯ ಬ್ಲ್ಯಾಕ್‌ಟೌನ್ ಹತ್ರದ ಸ್ಮಶಾನ ತಾನೆ?”

“ಹ್ಞೂಂ.”

“ನೋಡು, ಮತ್ತೆ ಹತ್ತಿತು.”

“ಸೆನ್ಸರ್ ಕೆಟ್ಟಿರಬೇಕು. ಇಲ್ಲಿಂದಲೇ ಆಫ್ ಮಾಡ್ಬಿಡು.”

“ನಿನ್ನೆ ಮಾಡಿದ್ದೆ. ತಕ್ಷಣ ಅವನ ಹೆಂಡ್ತಿ ಜೋವಿಟಾ ಫೋನ್ ಬಂತು.”

“ಅವಳಿಗೆ ಹೇಗೆ ಗೊತ್ತಾಯ್ತು?”

“ಅವಳ ಫೋನಲ್ಲೂ ಆ್ಯಪ್ ಇದೆ. ದಿನಾ ಜಪಸರ ಮುಗಿಸಿ ಆ ಚುಕ್ಕೇನೇ ನೋಡ್ತಾ ಕೂರ್ತಾಳಂತೆ. ಅವರ ಉಸಿರು ನಿಲ್ಲಿಸ್ಬೇಡ ಅಂತ ಅತ್ತಳು.”

“ನೀನೇನ್ ಮಾಡ್ದೆ?”

“ವಾಪಸ್ ಆನ್ ಮಾಡ್ದೆ.”

ಟ್ರಾಮು ನಿಂತಿತು. ಇಬ್ಬರೂ ಎದ್ದರು.

“ದುಬೈಲಿ ಈ ಚುಕ್ಕೆ ಎಲ್ಲರಿಗೂ ಕಾಣುತ್ತಲ್ಲ. ಯಾರಾದ್ರೂ ಕೇಳಿದ್ರೆ?”

ಅವಳು ಮೆಟ್ಟಿಲಿಳಿಯುತ್ತ ಹೇಳಿದಳು:

“ನಮ್ಮ ಮೊದಲನೇ ಗಿರಾಕಿ, ಇನ್ನೂ ಬಿಟ್ಟಿಲ್ಲ ಅನ್ನು.”